ಕ್ಷಯರೋಗ, ಜಿನೀವಾ ಮತ್ತು ನಮ್ಮ ಗಿರಣಿಗಳು

(ಚಿಕ್ಕಬಳ್ಳಾಪುರದಲ್ಲಿ ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಜಿನೀವಾದಲ್ಲಿ ಕೂತವರ ಸುದ್ದಿ ಗೌರಿಬಿದನೂರಿನ ಗಿರಣಿಯವನಿಗೆ ಏತಕ್ಕೆ ಎಂಬ ಮಾತು ಸಭೆ ಸೇರುವ ಮುಂಚೆಯೇ ನಮ್ಮ ಕಿವಿಗೆ ಬಿತ್ತು. ನ್ಯಾಯವಾದ ಪ್ರಶ್ನೆ. ಗೂಡಿನ ದರ, ವಾರದ ಬಟವಾಡೆ, ಅಂಗಡಿಯ ಬಾಡಿಗೆ, ಇವುಗಳ ನಡುವೆ ಪ್ರಪಂಚದ ಆರೋಗ್ಯ ಯಾರಿಗೆ ಬೇಕು? ಆದರೆ ಕ್ಷಯದ ಕ್ರಿಮಿಗೆ ಯಾವ ಗಡಿಯಲ್ಲೂ ಸುಂಕದ ಕಟ್ಟೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಎಲ್ಲರಿಗಿಂತ ಹೆಚ್ಚು ಹಣ ಕೊಡುತ್ತಿದ್ದ ದೇಶ ಅಮೆರಿಕ. 2025ರ ಜನವರಿ 20ರಂದು ಅದರ ಅಧ್ಯಕ್ಷರು ಆ ಸಂಸ್ಥೆಯಿಂದ ಹೊರಬರುವ ಆಜ್ಞೆಗೆ ಸಹಿ ಹಾಕಿದರು. ಸಾಹುಕಾರ ಮುನಿಸಿಕೊಂಡು ಪಂಚಾಯತಿಯಿಂದ ಎದ್ದುಹೋದರೆ ಉಳಿದವರ ಹೊಣೆ ಹೆಚ್ಚುತ್ತದೆ. ಹಾಗಾದರೆ ಭಾರತದ ಹೊಣೆ ಏನು? ಇದನ್ನು ಹೇಳಬೇಕಾದರೆ ಹಿಂದೆ ನಮ್ಮ ದೇಶ ಮಾಡಿದ್ದನ್ನು ನೆನೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯನ್ನು ಕಟ್ಟಲು 1946ರಲ್ಲಿ ಸಮ್ಮೇಳನ ಕರೆದದ್ದು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ. ಅದರ ಮೊದಲ ಅಧ್ಯಕ್ಷರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಹೌದು, ಅದೇ ವರ್ಷ ಮೈಸೂರಿನ ದಿವಾನರಾದವರೇ. 1947ರ ಮೈಸೂರು ಚಲೋ ಚಳವಳಿಯಲ್ಲಿ ಈ ಆರ್ಕಾಟರು ಬೇಡವೆಂದು ನಮ್ಮ ಹಿರಿಯರು ಬೀದಿಬೀದಿಯಲ್ಲಿ ಕೂಗಿದರು. ಜವಾಬ್ದಾರಿ ಸರ್ಕಾರ ಕೊಡದವರಿಗೆ ಆ ಕೂಗು ತಕ್ಕದ್ದೇ ಆಗಿತ್ತು. ಆದರೂ ಅವರು ಹೊರಗೆ ಮಾಡಿದ ಕೆಲಸವನ್ನು ನಾವು ಮರೆಮಾಚುವುದಿಲ್ಲ. 1950ರಲ್ಲಿ ರಾಜಕುಮಾರಿ ಅಮೃತ್ ಕೌರ್ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷೆಯಾದರು. ಆ ಪೀಠಕ್ಕೇರಿದ ಮೊದಲ ಹೆಂಗಸು ಅವರು, ಏಷ್ಯದವರಲ್ಲೂ ಅವರೇ ಮೊದಲಿಗರು.

ಪೀಠಗಳ ಮಾತು ಅಷ್ಟು ಸಾಕು. ನಿಜವಾದ ಕೆಲಸ ನಡೆದದ್ದು ಬಡವರ ಮನೆಯಲ್ಲಿ.

ಆ ಕಾಲದಲ್ಲಿ ಕ್ಷಯ ಬಂದವನಿಗೆ ಸ್ಯಾನಟೋರಿಯಮ್ಮೇ ಗತಿ ಎನ್ನುತ್ತಿದ್ದರು. ಚಿಂತಾಮಣಿಯಿಂದ ಮುಂದೆ, ಆಂಧ್ರದ ಗಡಿಯಾಚೆ, ಮದನಪಲ್ಲಿಯ ಆರೋಗ್ಯವರಂ ಅಂಥದ್ದು. ಒಳ್ಳೆಯ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ಹಾಸಿಗೆ. ಕೂಲಿಯವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಇದ್ದ ಹಾಸಿಗೆಗಳೇ ಬೆರಳೆಣಿಕೆಯಷ್ಟು. 1956ರಲ್ಲಿ ಮದ್ರಾಸಿನಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ, ಬ್ರಿಟನ್ನಿನ ಸಂಶೋಧನಾ ಮಂಡಳಿ, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ನಾಲ್ಕೂ ಕೂಡಿ ಒಂದು ಪರೀಕ್ಷೆಗೆ ಕೈಹಾಕಿದವು. ಕೆಲವು ರೋಗಿಗಳನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿದರು. ಉಳಿದವರಿಗೆ ಇಕ್ಕಟ್ಟಿನ ಬಡ ಮನೆಗಳಲ್ಲೇ ಅದೇ ಔಷಧಿ ಕೊಟ್ಟರು. 1959ರಲ್ಲಿ ಫಲ ಹೊರಬಿತ್ತು. ಮನೆಯವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಹೆಂಡತಿ ಮಕ್ಕಳಿಗೆ ರೋಗ ತಗಲುವ ಭಯವೂ ಹೆಚ್ಚಿರಲಿಲ್ಲ. ಆಮೇಲೆ ಶ್ರೀಮಂತ ದೇಶಗಳೂ ತಮ್ಮ ಸ್ಯಾನಟೋರಿಯಮ್ಮುಗಳಿಗೆ ಬೀಗ ಹಾಕಿದವು. ಮದ್ರಾಸಿನ ಬಡವರು ಲೋಕಕ್ಕೆ ಕಲಿಸಿದ ಪಾಠವಿದು.

ಇನ್ನೊಂದು ಪಾಠ ನಮ್ಮ ರಸ್ತೆಯಲ್ಲೇ ಇದೆ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ಕಾಣುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿತು. 1960ರ ಸೆಪ್ಟೆಂಬರ್ 16ರಂದು ನೆಹರೂ ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫೂ ನೆರವು ಕೊಟ್ಟವು. ಅಲ್ಲಿಯವರು ಗೌರಿಬಿದನೂರಿಗೆ ಹೊಂದಿದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ದೇಬಬರ ಬ್ಯಾನರ್ಜಿ ಎಂಬ ಭಾರತೀಯರೂ ಸ್ಟಿಗ್ ಆಂಡರ್ಸನ್ ಎಂಬ ಡೇನಿಷರೂ ರೋಗಿಗಳನ್ನು ಕೂರಿಸಿಕೊಂಡು ಮಾತನಾಡಿಸಿ, ಕಂಡದ್ದನ್ನು 1963ರಲ್ಲಿ ಅಚ್ಚು ಹಾಕಿಸಿದರು. ಹಳ್ಳಿಗನಿಗೆ ತಿಳಿವಳಿಕೆಯಿಲ್ಲ, ಅವನು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ದೊಡ್ಡವರ ನಂಬಿಕೆಯಾಗಿತ್ತು. ಕಂಡದ್ದೇ ಬೇರೆ. ಹೆಚ್ಚುಕಡಮೆ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅಲ್ಲಿ ಸಿಕ್ಕದ್ದು ಕೆಮ್ಮಿನ ನೀರೌಷಧಿ! ತಪ್ಪು ರೋಗಿಯದಲ್ಲ, ಬಾಗಿಲೊಳಗೆ ಕೂತವರದು. ಇದನ್ನು ಮನಗಂಡ ಮೇಲೆಯೇ ಕಫ ಪರೀಕ್ಷೆ ಮತ್ತು ಔಷಧಿ ಸಾಮಾನ್ಯ ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗುವ ಜಿಲ್ಲಾ ಯೋಜನೆ ರೂಪುಗೊಂಡಿತು. ಭಾರತದಲ್ಲಿ ಹತ್ತು ವರ್ಷದಷ್ಟು ಕಾಲ ಕ್ಷಯದ ಕೆಲಸ ಮಾಡಿದ ಹಾಫ್‌ಡಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಎಲ್ಲರಿಗೂ ಆರೋಗ್ಯ ಎಂಬ 1978ರ ಆಲ್ಮಾ ಆಟಾ ಘೋಷಣೆ ಅವರ ಕಾಲದ್ದು.

ಔಷಧಿಯ ಬೆಲೆಯ ಮಾತಿಗೆ ಬರೋಣ. ವ್ಯಾಪಾರಿ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. 1970ರ ಪೇಟೆಂಟ್ ಶಾಸನ ಮದ್ದಿನ ಮೇಲೆ ಒಬ್ಬನ ಗುತ್ತಿಗೆ ನಿಲ್ಲದಂತೆ ಮಾಡಿತು. ಅದರ ಬಲದಿಂದಲೇ 2001ರಲ್ಲಿ ಸಿಪ್ಲಾ ಕಂಪನಿ ಏಡ್ಸ್ ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದಿತು. ಅದಕ್ಕೆ ಮುಂಚೆ ಬೆಲೆ ಹತ್ತು ಸಾವಿರ ಡಾಲರಿನ ಮೇಲಿತ್ತು. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಕಟ್ಟುಬಿದ್ದು ಶಾಸನವನ್ನು ಸಡಿಲಿಸಬೇಕಾಯಿತು. ಆದರೂ ಹಲ್ಲು ಪೂರ್ತಿ ಕಿತ್ತಿರಲಿಲ್ಲ. ಮಾಮೂಲು ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಮೇಲಿನ ಗುತ್ತಿಗೆಯನ್ನು 2027ರವರೆಗೆ ಎಳೆಯಲು ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಹೊರಟಿತ್ತು. ಇಬ್ಬರು ಹೆಣ್ಣುಮಕ್ಕಳು ತಕರಾರು ಹಾಕಿದರು. ಒಬ್ಬರು ನಮ್ಮ ದೇಶದವರು, ಒಬ್ಬರು ದಕ್ಷಿಣ ಆಫ್ರಿಕದವರು. ಕ್ಷಯದ ಹಳೆಯ ಔಷಧಿಯಿಂದ ಇಬ್ಬರೂ ಕಿವಿ ಕಳೆದುಕೊಂಡವರು. 2023ರ ಮಾರ್ಚಿಯಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಅಂತರರಾಷ್ಟ್ರೀಯ ಸಹಕಾರವೆಂದರೆ ಮಂತ್ರಿಗಳು ಕೈಕುಲುಕುವುದಕ್ಕಿಂತ ಹೆಚ್ಚಾಗಿ ಇದೇ ಎಂದು ನಾವು ತಿಳಿದಿದ್ದೇವೆ.

ಈಗ ಮನೆಯೊಳಗಿನ ಹುಳುಕು. 2023ರಲ್ಲಿ ಲೋಕದ ಕ್ಷಯರೋಗಿಗಳಲ್ಲಿ ಕಾಲುಪಾಲು ನಮ್ಮವರು. 2025ಕ್ಕೆ ಕ್ಷಯ ಮುಗಿಸುತ್ತೇವೆಂದು ದೆಹಲಿಯವರು ಸಾರಿದ್ದರು, ಗಡುವು ಬಂತು, ಕ್ಷಯ ಹೋಗಲಿಲ್ಲ. ಲೋಕಕ್ಕೆಲ್ಲ ಮದ್ದು ಮಾರುವ ದೇಶದಲ್ಲಿ 2024ರ ಮಾರ್ಚಿಯಲ್ಲಿ ಕ್ಷಯದ ಮಾತ್ರೆ ಸಾಲದೆ, ನೀವೇ ಕೊಂಡುಕೊಳ್ಳಿ ಎಂದು ಕೇಂದ್ರದವರು ರಾಜ್ಯಗಳಿಗೆ ಬರೆದರು. ಆರು ತಿಂಗಳು ಬಿಡದೆ ನುಂಗಬೇಕಾದ ಮಾತ್ರೆ. ನಡುವೆ ತಪ್ಪಿದರೆ ಔಷಧಿಗೆ ಬಗ್ಗದ ಕ್ಷಯ ತಲೆಯೆತ್ತುತ್ತದೆ. ಪುಷ್ಟಿಯ ಆಹಾರಕ್ಕೆಂದು ರೋಗಿಗೆ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಯಾಯಿತು. ಒಳ್ಳೆಯದೇ. ಆದರೆ ಕೂಲಿ ನಿಂತ ಮನೆಗೆ ಅದು ಎಷ್ಟು ದಿನದ ಅಕ್ಕಿ ಬೇಳೆ?

ಇ.ಎಸ್.ಐ. ಚೀಟಿಯಿರುವ ಗಿರಣಿಯವರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಎರಡು ವರ್ಷ ಸತತ ಕೆಲಸ ಮಾಡಿ ವಂತಿಗೆ ಸಂದಿದ್ದರೆ, ಕ್ಷಯಕ್ಕೆ ಕೂಲಿಯ ಶೇಕಡಾ 80ರಷ್ಟು ಸಿಗುತ್ತದೆ, ಎರಡು ವರ್ಷದವರೆಗೂ. ಇದು ಭಿಕ್ಷೆಯಲ್ಲ, ನೀವು ಕಟ್ಟಿದ ಹಣ. ಕೆಮ್ಮನ್ನು ಮೇಸ್ತ್ರಿಯಿಂದ ಬಚ್ಚಿಟ್ಟು ಯಂತ್ರದ ಮುಂದೆ ನಿಲ್ಲುವ ತಮ್ಮಂದಿರಿಗೆ ಈ ಮಾತು ಮುಟ್ಟಿಸಿ. ಸರಿಯಾದ ಔಷಧಿ ಬಿದ್ದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆಂದೂ ಹೇಳಿ. ಆದರೆ ಶಿಡ್ಲಘಟ್ಟದಲ್ಲಿ ಐದಾರು ಮಂದಿ ದುಡಿಯುವ ನೂಲು ಬಿಚ್ಚಾಣಿಕೆ ಮನೆಗಳ ಹೆಣ್ಣಾಳುಗಳಿಗೆ, ಬಿಸಿನೀರಿನ ಹಬೆಯಲ್ಲಿ ದಿನವಿಡೀ ಕೆಮ್ಮುವವರಿಗೆ, ಈ ಚೀಟಿಯೂ ಇಲ್ಲ. ಚಿಂತಾಮಣಿ ಮಂಡಿಯ ಹಮಾಲರಿಗೂ ಇಲ್ಲ.

ಆದ್ದರಿಂದ ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ಮೂರು ಮಾತು ಬರೆದಿದ್ದೇವೆ. ಎಲ್ಲ ತಾಲ್ಲೂಕಿನ ಆಸ್ಪತ್ರೆಯಲ್ಲಿ ಮೂರು ತಿಂಗಳ ಮಾತ್ರೆ ಸದಾ ದಾಸ್ತಾನಿರಬೇಕು. ಬಿಚ್ಚಾಣಿಕೆ ಮನೆಗಳ ಬಳಿಗೇ ಬಂದು ಕಫ ಪರೀಕ್ಷೆ ಮಾಡಬೇಕು. ಚೀಟಿಯಿಲ್ಲದ ರೋಗಿಗೆ ಗುಣವಾಗುವವರೆಗೆ ಸರ್ಕಾರ ಅರ್ಧ ಕೂಲಿಯನ್ನಾದರೂ ಕೊಡಬೇಕು. ಹಾಳೆ ಅಧ್ಯಕ್ಷರ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಮಸಿಯ ಡಬ್ಬಿ ತಂದಿದ್ದೇವೆ.