ಹೆಸರು ಮತ್ತು ಗುಣ
(ಸಾಲಗಾಮೆಯ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಜಿನಬಿಂಬ ಪ್ರತಿಷ್ಠೆಗೂ ಶಿಶುವಿನ ನಾಮಕರಣಕ್ಕೂ ಈ ಹಾಸನ ಸೀಮೆಯಲ್ಲಿ ಹಳೆಯ ನಂಟುಂಟು. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠಾಪಿಸಿದನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಅರಸನಿಗೆ ಆಗತಾನೇ ಯುದ್ಧದಲ್ಲಿ ಜಯ ದೊರೆತಿತ್ತು, ಪುತ್ರೋತ್ಸವವೂ ಆಗಿತ್ತು. ಆ ಹರ್ಷದಲ್ಲಿ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ.

ಒಂದೇ ವಿಜಯ, ಎರಡು ಅರ್ಥ. ಅರಸನದು ಶತ್ರುವನ್ನು ಗೆದ್ದ ವಿಜಯ. ಜಿನನದು ತನ್ನನ್ನೇ ಗೆದ್ದ ವಿಜಯ. ಮಗುವಿಗೆ ಹೆಸರಿಡುವಾಗ ನಾವು ಬಯಸುವ ಅರ್ಥ ಯಾವುದು?

ಜನನದ ಹನ್ನೆರಡು ದಿನಗಳ ಬಳಿಕ ನಾಮಕರ್ಮವನ್ನು ಮಾಡಬೇಕೆಂದೂ, ಜಿನನ 1008 ನಾಮಗಳಿಂದ ಹೆಸರನ್ನು ಆರಿಸಬಹುದೆಂದೂ ಜಿನಸೇನಾಚಾರ್ಯರ ಆದಿಪುರಾಣ ವಿಧಿಸಿದೆ. ಕ್ಷಾಂತಿಭಾಕ್, ಶಾಂತಿಭಾಕ್ ಮೊದಲಾದ ಆ ನಾಮಗಳು ಗುಣವಾಚಕಗಳೇ. ದಶಲಕ್ಷಣ ಧರ್ಮಗಳಾದ ಕ್ಷಮೆ, ಆರ್ಜವ, ಸಂಯಮಗಳೂ ಇಂದು ಮಕ್ಕಳ ಹೆಸರುಗಳಾಗಿ ಕೇಳಿಬರುತ್ತಿರುವುದು ಸಂತೋಷದ ಸಂಗತಿ.

ಆದರೆ ಹೆಸರೇ ಗುಣವಲ್ಲ. ತತ್ತ್ವಾರ್ಥಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವವೆಂದು ನಾಲ್ಕು ನಿಕ್ಷೇಪಗಳನ್ನು ಹೇಳಿದೆ. ಗುಣವಿರಲಿ ಇಲ್ಲದಿರಲಿ, ವ್ಯವಹಾರಕ್ಕಾಗಿ ಕರೆಯುವುದು ನಾಮನಿಕ್ಷೇಪ. ಗುಣವು ಪ್ರತ್ಯಕ್ಷವಾಗಿ ಇರುವುದು ಭಾವನಿಕ್ಷೇಪ. ‘ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ಇದನ್ನೇ ನಗುತ್ತ ಹೇಳುತ್ತದೆ.

ಶಾಂತಲಾದೇವಿಯ ನಿದರ್ಶನವನ್ನು ನೋಡಿರಿ. ಹೆಸರಿನಲ್ಲಿ ಶಾಂತಿ, ಬಿರುದು ಮಾತ್ರ ‘ಸವತಿಗಂಧವಾರಣೆ’, ಸವತಿಯರ ಪಾಲಿಗೆ ಮದ್ದಾನೆ! ಆದರೂ 1123ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಯಲ್ಲಿ ನೆಲೆಗೊಳಿಸಿದುದು ಶಾಂತಿನಾಥನನ್ನು. ಲೋಕ ಕೊಟ್ಟ ಬಿರುದು ಬಸದಿಗೆ ಹೆಸರಾಯಿತು. ಗರ್ಭಗೃಹದಲ್ಲಿ ನೆಲೆಸಿದುದು ಶಾಂತಿ.

ಮನೆಯಲ್ಲಿ ಕ್ಷಮಾ ಎಂಬ ಮಗಳಿದ್ದು, ಗದ್ದೆಯ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆ ಆ ಕೂಸು ತನ್ನ ಹೆಸರಿನ ಅರ್ಥವನ್ನು ಯಾರಿಂದ ಕಲಿಯಬೇಕು? ದಿನಕ್ಕೆ ಹತ್ತು ಬಾರಿ ‘ಕ್ಷಮಾ’ ಎಂದು ಕೂಗುವ ಹಿರಿಯರು ಒಂದು ಬಾರಿಯಾದರೂ ತಮ್ಮ ಕರೆಯನ್ನು ತಾವೇ ಕೇಳಿಸಿಕೊಳ್ಳಬೇಕಲ್ಲವೇ? ಗುಣನಾಮವು ಮಗುವಿನ ಮೇಲೆ ಹೊರಿಸಿದ ಹೊರೆಯಲ್ಲ; ಹೆತ್ತವರು ಕೈಗೊಂಡ ವ್ರತ.

ಶಿಲೆಯಲ್ಲಿ ಜಿನನನ್ನು ಸ್ಥಾಪಿಸುವ ಶ್ರಾವಕರು ಮನೆಯ ಮಕ್ಕಳಲ್ಲಿ ಗುಣವನ್ನೂ ಸ್ಥಾಪಿಸಲಿ. ಆಗ ನಾಮವು ಭಾವವಾಗುವುದು; ಪ್ರತಿಷ್ಠೆಯೂ ಪೂರ್ಣವಾಗುವುದು.

ಭದ್ರಮಸ್ತು.