ಬಾಸ್ ನಿಂತರೆ ಯಾರಿಗೆ ಗೊತ್ತಾಗುತ್ತೆ? ಆರ್ಕೆಸ್ಟ್ರಾದ ಬಾಸ್ ಗಿಟಾರಿಸ್ಟ್ ಒಬ್ಬನ ಲೆಕ್ಕ

ವಿಜಯಪುರದ ಇಬ್ರಾಹಿಂಪುರದಿಂದ, ನಮ್ಮ ಮನೆಯ ಮಹಡಿ ಕೋಣೆಯಿಂದ ಮಾತಾಡ್ತಿದ್ದೀನಿ. ನಡುವೆ ರೈಲಿನ ಹಾರ್ನ್ ಕೇಳಿಸಿದರೆ ಬೇಜಾರಾಗಬೇಡಿ, ಅದನ್ನ ಎಡಿಟ್‌ನಲ್ಲಿ ತೆಗೆಯೋದು ನನಗಿನ್ನೂ ಬಂದಿಲ್ಲ.

ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ಈಗ ಒಂದು ತುಣುಕು ನುಡಿಸ್ತೀನಿ. ಇಯರ್‌ಫೋನ್ ತೆಗೆದು ಫೋನ್ ಸ್ಪೀಕರ್‌ನಲ್ಲೇ ಕೇಳಿ.

[ಬಾಸ್ ಗಿಟಾರ್, ಹತ್ತು ಸೆಕೆಂಡ್]

ಏನು ಕೇಳಿಸ್ತು? ಯಾರೋ ದೂರದಲ್ಲಿ ಡಬ್ಬ ಬಡಿದಂಗೆ ಅಲ್ವಾ? ಈಗ ಇಯರ್‌ಫೋನ್ ಹಾಕ್ಕೊಳ್ಳಿ.

[ಅದೇ ತುಣುಕು]

ಈಗ ಹೊಟ್ಟೆಯೊಳಗೆ ಏನೋ ಅಲ್ಲಾಡಿದಂಗೆ ಆಯ್ತಲ್ಲ, ಅದೇ ಬಾಸ್. ನಾಲ್ಕು ದಪ್ಪ ತಂತಿ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ನಿಮ್ಮ ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಎತ್ತೋಕೆ ಆಗೋದೇ ಇಲ್ಲ. ಮೇಲಿನ ಸ್ವರಾಂಶಗಳನ್ನ ಮಾತ್ರ ಕೊಡುತ್ತೆ, ಉಳಿದಿದ್ದನ್ನ ನಿಮ್ಮ ಮಿದುಳು ತಾನೇ ಊಹೆ ಮಾಡಿ ತುಂಬಿಕೊಳ್ಳುತ್ತೆ. ಅಂದ್ರೆ ನಾನು ಮಾಡೋ ಕೆಲಸದ ಅರ್ಧಭಾಗ ನಿಮ್ಮ ಊಹೆ.

ನಾನು ಬಿ.ಕಾಂ ಮುಗಿಸಿದವನು. ಹಗಲು ಒಂದು ಆಫೀಸಿನಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್. ರಾತ್ರಿ, ಸೀಸನ್ ಇದ್ದಾಗ, ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್. ಬ್ಯಾಂಡ್ ಅಂದ ಕೂಡಲೇ ಬೆಂಗಳೂರಿನ ಪಬ್ ನೆನಪಾಗುತ್ತೆ ಕೆಲವರಿಗೆ. ನಮ್ಮ ಕಡೆ ಬ್ಯಾಂಡ್ ಅಂದ್ರೆ ರಸಮಂಜರಿ. ಇಬ್ಬರು ಗಾಯಕರು, ಒಬ್ಬ ಗಾಯಕಿ, ಕೀಬೋರ್ಡ್, ರಿದಮ್ ಪ್ಯಾಡ್, ಢೋಲಕ್, ಒಂದು ಗಿಟಾರ್, ನಾನು, ಮತ್ತೆ ಜೋಕ್ ಹೇಳೋ ನಿರೂಪಕ. ಜಾತ್ರೆ, ಗಣಪತಿ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಮದುವೆಯ ಹಿಂದಿನ ರಾತ್ರಿ, ಕಾಲೇಜಿನ ಗ್ಯಾದರಿಂಗ್. ಎಲ್ಲರಿಗೂ ಹಗಲು ಬೇರೆ ಕೆಲಸ ಇದೆ. ಢೋಲಕ್ ಅಣ್ಣ ಮೊಬೈಲ್ ರಿಪೇರಿ ಮಾಡ್ತಾರೆ. ರಿದಮ್ ಪ್ಯಾಡ್ ಹುಡುಗ ಐಟಿಐ ಓದ್ತಿದ್ದಾನೆ.

ಒಂದು ಪ್ರೋಗ್ರಾಂ ಹೇಗಿರುತ್ತೆ ಹೇಳ್ತೀನಿ. ಸಂಜೆ ನಾಲ್ಕಕ್ಕೆ ಕ್ರೂಸರ್ ಬರುತ್ತೆ. ಸ್ಪೀಕರ್ ಬಾಕ್ಸ್ ಮೇಲೆ, ನಾವು ಒಳಗೆ, ನನ್ನ ಬಾಸ್ ನನ್ನ ಕಾಲ ಮಧ್ಯೆ. ಟಿಕೋಟಾ ಕಡೆ ಹೊರಟರೆ ಮೊದಲು ತೊರವಿ ಸಿಗುತ್ತೆ. ಎರಡನೇ ಇಬ್ರಾಹಿಂ ಆದಿಲ್ ಶಾಹಿ ಸಂಗೀತಕ್ಕೇ ಅಂತ ನವರಸಪುರ ಕಟ್ಟಿಸಿದ ಜಾಗ ಅದು. ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಆ ರಾಜ ಹಾಡುಗಳ ಪುಸ್ತಕ ಬರೆದ, ಕಿತಾಬ್-ಎ-ನವರಸ್ ಅಂತ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ತಂಬೂರಿ ಒಂಟಿಯಾಗಿ ಹಾಡೋ ವಾದ್ಯ ಅಲ್ಲ, ಬೇರೆಯವರು ಹಾಡೋಕೆ ಹಿಂದೆ ನಿಲ್ಲೋ ವಾದ್ಯ. ಅಂಥದ್ದಕ್ಕೆ ಹೆಸರಿಟ್ಟು ಪ್ರೀತಿ ಮಾಡಿದವನು ನಮ್ಮೂರಿನವನು ಅಂತ ನನಗೆ ಭಾಳ ಖುಷಿ.

ಅಲ್ಲಿಂದ ಮುಂದೆ ದ್ರಾಕ್ಷಿ ತೋಟಗಳು. ಊರು ಮುಟ್ಟೋವಷ್ಟರಲ್ಲಿ ಸ್ಟೇಜ್ ಅರ್ಧ ಕಟ್ಟಿರ್ತಾರೆ. ಜನರೇಟರ್ ಶುರುವಾದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಶಬ್ದ. ಅರ್ಥಿಂಗ್ ಸರಿ ಇಲ್ಲದಿದ್ರೆ ನಮ್ಮ ಕರೆಂಟಿನ 50 ಹರ್ಟ್ಸ್ ಹಾಗೇ ಸ್ಪೀಕರ್‌ಗೆ ಬರುತ್ತೆ. ತಮಾಷೆ ಏನಂದ್ರೆ, ನನ್ನ ದಪ್ಪ ತಂತಿಯ ಮೂರನೇ ಮನೆಯ ಸ್ವರ 49 ಹರ್ಟ್ಸ್. ಸರಿಯಾಗಿ ಅಲ್ಲೇ ಜನರೇಟರ್ ಕೂತಿರುತ್ತೆ. ಸೌಂಡ್‌ನವರು ಗುಂಯ್ ಕಡಿಮೆ ಮಾಡೋಕೆ ಅಂತ ಕೆಳಗಿನ ಸ್ವರಗಳನ್ನೇ ಇಳಿಸಿಬಿಡ್ತಾರೆ. ಜೊತೆಗೆ ನಾನೂ ಇಳಿದು ಹೋಗ್ತೀನಿ.

ಊಟ ಮಾತ್ರ ಚೆನ್ನಾಗಿರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಕಮಿಟಿಯವರ ಮನೆಯ ಜೋಳದ ರೊಟ್ಟಿ, ಎಣ್ಣೆಗಾಯಿ, ಹುಗ್ಗಿ. ಆಮೇಲೆ ಭಾಷಣ, ಸನ್ಮಾನ, ಶಾಲು, ಹಾರ. ನಾವು ಸ್ಟೇಜ್ ಹತ್ತೋದು ಒಂಬತ್ತೂವರೆಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಾಕಬಾರದು ಅನ್ನೋದು ನಿಯಮ. ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಹನ್ನೆರಡರ ತನಕ ಬಿಡಬಹುದು. ಹಾಗಾಗಿ ನಮಗೆ ಯಾವಾಗ್ಲೂ ಒಂದು ಕಣ್ಣು ತಂತಿ ಮೇಲೆ, ಇನ್ನೊಂದು ಕಣ್ಣು ಪೊಲೀಸ್ ಜೀಪಿನ ಮೇಲೆ.

ಮನೆಗೆ ಬರೋದು ಬೆಳಗಿನ ನಾಲ್ಕಕ್ಕೆ. ಒಂಬತ್ತೂವರೆಗೆ ಆಫೀಸ್.

ಈಗ ಲೆಕ್ಕಕ್ಕೆ ಬರೋಣ. ಕಾಮರ್ಸ್ ಓದಿದವನು ಲೆಕ್ಕ ಇಡದೇ ಇರೋಕಾಗಲ್ಲ. ಹೋದ ಸೀಸನ್ನಿನಲ್ಲಿ ನಾನು ಹೋಗಿದ್ದು 38 ಪ್ರೋಗ್ರಾಂ. ಒಂದಕ್ಕೆ 1,500 ರೂಪಾಯಿ ಮಾತು. ಒಟ್ಟು 57,000 ಆಗಬೇಕು. ಆರು ಕಡೆ ದುಡ್ಡು ಬಾಕಿ ಉಳೀತು, ಇನ್ನೂ ಬಂದಿಲ್ಲ. ಹೋಯ್ತು 9,000. ಕೈಗೆ ಬಂದಿದ್ದು 48,000. ಅದರಲ್ಲಿ ಪೆಟ್ರೋಲ್, ಚಹಾ, ನಾಷ್ಟಾ 5,700. ಎರಡು ಸೆಟ್ ತಂತಿ 3,600. ಕೇಬಲ್, ಜಾಕ್ ಪಿನ್, ಬ್ಯಾಟರಿ ಸೇರಿ 1,700. ಉಳಿದಿದ್ದು 37,000. ಒಂದು ಪ್ರೋಗ್ರಾಂ ಅಂದ್ರೆ ಹನ್ನೆರಡು ತಾಸು. 38 ಪ್ರೋಗ್ರಾಂಗೆ 456 ತಾಸು. ಭಾಗಿಸಿ ನೋಡಿ, ತಾಸಿಗೆ 81 ರೂಪಾಯಿ. ಪ್ರಾಕ್ಟೀಸ್ ಮಾಡಿದ ಹೊತ್ತು ಇದರಲ್ಲಿ ಸೇರಿಲ್ಲ.

ಈ ಲೆಕ್ಕ ಈಗ ಯಾಕೆ ತೆಗೆದೆ ಅಂದ್ರೆ, ಹೋದ ತಿಂಗಳು ನಮ್ಮ ಆರ್ಕೆಸ್ಟ್ರಾ ನಡೆಸೋ ಅಣ್ಣ ನನ್ನನ್ನ ಚಹಾಕ್ಕೆ ಕರೆದರು. ಎರಡು ಗುಟುಕು ಆದ ಮೇಲೆ ಹೇಳಿದರು: "ತಮ್ಮಾ, ತಪ್ಪ ತಿಳ್ಕೋಬ್ಯಾಡ. ಹೊಸಾ ಕೀಬೋರ್ಡ್ ತಗೊಂಡೀವಿ. ಬಾಸ್ ಅದರಾಗ ಐತಿ. ಎಡಗೈಲೆ ಬಾರಿಸಿಬಿಡ್ತಾನ. ಜನಕ್ಕ ಏನ್ ಗೊತ್ತಾಗ್ತದ ಹೇಳು? ಒಬ್ಬರ ಪಗಾರ ಉಳೀತದ."

ನನಗೆ ಸಿಟ್ಟು ಬರಲಿಲ್ಲ. ಅವರ ಲೆಕ್ಕವೂ ಲೆಕ್ಕವೇ. ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ಕರೆಸೋರು ಕಡಿಮೆ ಆಗಿದ್ದಾರೆ, ಸ್ಟೇಜ್ ಕೆಳಗೆ ಹುಡುಗರು ಮೂರನೇ ಹಾಡಿಗೇ "ಡಿಜೆ ಹಚ್ರೀ" ಅಂತ ಕೂಗ್ತಾರೆ. ಆದ್ರೆ "ಜನಕ್ಕ ಏನ್ ಗೊತ್ತಾಗ್ತದ" ಅನ್ನೋ ಮಾತು ಮಾತ್ರ ತಲೇಲಿ ಕೂತುಬಿಡ್ತು. ಯಾಕಂದ್ರೆ ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಬಬಲೇಶ್ವರ ಹತ್ತಿರದ ಒಂದು ಹಳ್ಳಿಯ ಜಾತ್ರೆ. ಪ್ರೋಗ್ರಾಂ ಅರ್ಧ ಆಗಿತ್ತು. ನನ್ನ ಕೇಬಲ್‌ನ ಜಾಕ್ ಪಿನ್ ಬಿಟ್ಟು ಹೋಯ್ತು. ಇನ್ನೊಂದು ಕೇಬಲ್ ಕ್ರೂಸರ್‌ನಲ್ಲಿ, ಕ್ರೂಸರ್ ಊರಾಚೆ. ಸ್ಟೇಜ್ ಬಿಟ್ಟು ಇಳಿಯೋ ಹಾಗಿಲ್ಲ. ಏನು ಮಾಡಲಿ? ನಿಂತೆ. ಬೆರಳು ಆಡಿಸ್ತಾ, ತಲೆ ಅಲ್ಲಾಡಿಸ್ತಾ, ನಾಲ್ಕು ಹಾಡು ಸುಮ್ಮನೆ ನುಡಿಸಿದಂಗೆ ನಟಿಸಿದೆ. ಜನ ಕುಣಿದರು, ವನ್ಸ್ ಮೋರ್ ಅಂದರು. ಒಬ್ಬ ಹುಡುಗ ನನ್ನ ಕಡೆ ತಿರುಗಿ ಥಂಬ್ಸ್ ಅಪ್ ಕೂಡ ಮಾಡಿದ. ಅವತ್ತು ನನಗೆ ಅನಿಸಿದ್ದು, ನಾನು ಬರದೇ ಇದ್ರೂ ನಡೀತಿತ್ತಲ್ಲ ಅಂತ.

ವಾಪಸ್ ಬರುವಾಗ ಎಲ್ಲರೂ ನಿದ್ದೆ. ರಿದಮ್ ಪ್ಯಾಡ್ ಹುಡುಗ ಮಾತ್ರ ಎಚ್ಚರ. ಮೆಲ್ಲಗೆ ಕೇಳಿದ: "ಅಣ್ಣಾ, ಇವತ್ತ ನಂದ ಸ್ಪೀಡ್ ಆಗ್ತಿತ್ತೇನ? ನಡುವ ಮೂರ್ನಾಕ ಹಾಡ ಎಳದಾಡಿದಂಗ ಆತು. ಕೈ ಕೂಡಲೇ ಇಲ್ಲ."

ನಾನು "ಹಂಗೇನಿಲ್ಲ, ಮಕ್ಕೋ" ಅಂದೆ.

ಅವನು ಮಲಗಲಿಲ್ಲ. ಮನೆ ಬರೋ ತನಕ ತೊಡೆ ಮೇಲೆ ತಾಳ ಹಾಕ್ತಾ ಕೂತಿದ್ದ. ತಪ್ಪು ತನ್ನದು ಅಂತ ತಿಳ್ಕೊಂಡಿದ್ದ. ನಾನು ಸುಮ್ಮನಿದ್ದೆ, ಯಾಕಂದ್ರೆ ನಟಿಸಿದ್ದು ಹೇಳೋಕೆ ನಾಚಿಕೆ. ಎರಡು ಸಾವಿರ ಜನಕ್ಕೆ ಗೊತ್ತಾಗದ್ದು ಅವನೊಬ್ಬನಿಗೆ ಗೊತ್ತಾಗಿತ್ತು. ಆದ್ರೆ ಏನು ಅಂತ ಗೊತ್ತಾಗಿರಲಿಲ್ಲ.

ಬಾಸ್ ಕೆಲಸವೇ ಇದು. ಡ್ರಮ್ ಏಟು ಎಲ್ಲಿ ಬೀಳುತ್ತೆ, ಹಾಡಿನ ಸ್ವರ ಎಲ್ಲಿ ನಿಲ್ಲುತ್ತೆ, ಈ ಎರಡನ್ನೂ ಸೇರಿಸೋ ಗಂಟು. ಕೇಳುಗರಿಗೆ ಗಂಟು ಕಾಣಲ್ಲ. ಜೊತೆಯಲ್ಲಿ ನುಡಿಸೋರ ಕೈಗೆ ಮಾತ್ರ ಅದು ಸಿಗುತ್ತೆ. ನಂಬಿಕೆ ಬರದಿದ್ರೆ 1981ರ ಗೀತಾ ಸಿನಿಮಾದ ಹಾಡುಗಳನ್ನ ಇಯರ್‌ಫೋನ್ ಹಾಕಿ ಕೇಳಿ. ಶಂಕರ್ ನಾಗ್ ನಿರ್ದೇಶನ, ಇಳಯರಾಜ ಸಂಗೀತ. ಹಾಡೋರನ್ನ ಬಿಟ್ಟು ಕೆಳಗೆ ಓಡಾಡೋ ಸ್ವರದ ಹಿಂದೆ ಹೋಗಿ. ನಿಮಗೆ ಗೊತ್ತಿರೋ ಹಾಡಿನೊಳಗೆ ಇನ್ನೊಂದು ಹಾಡು ಇರುತ್ತೆ.

ಹೆಸರಿಲ್ಲದೆ ನುಡಿಸೋದು ನಮ್ಮೂರ ಕಥೆ ಮಾತ್ರ ಅಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬರಿದ್ದರು. ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಬಾಸ್ ಅವರದು. ಬಲಗೈಯ ಒಂದೇ ಬೆರಳಲ್ಲಿ ನುಡಿಸ್ತಿದ್ದರು. ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಅವರ ಹೆಸರೇ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಆಲ್ಬಂ ಒಂದರಲ್ಲಿ ಹೆಸರು ಬಂತು. 1983ರಲ್ಲಿ, 47ನೇ ವಯಸ್ಸಿಗೆ, ತೀರಿಕೊಂಡರು. ಇನ್ನು ನಮ್ಮ ಕರ್ನಾಟಕದ್ದೇ ಸ್ವರಾತ್ಮ ಬ್ಯಾಂಡ್ ನೋಡಿ. ಬಾಸ್ ನುಡಿಸೋ ಜಿಷ್ಣು ದಾಸ್‌ಗುಪ್ತಾ ಅವರೇ ಬ್ಯಾಂಡಿನ ವ್ಯವಹಾರವನ್ನೂ ನೋಡಿಕೊಂಡವರು. ಇದನ್ನ ಓದಿದಾಗ ನಕ್ಕೆ. ಬಾಸ್‌ನವರಿಗೆ ಲೆಕ್ಕದ ಪುಸ್ತಕ ಎಲ್ಲಾ ಕಡೆನೂ ಬರುತ್ತೆ ಅಂತ.

ಸರಿ, ಮುಂದೇನಾಯ್ತು? ಚಹಾ ಕುಡಿದು ಬಂದ ರಾತ್ರಿ ರಿದಮ್ ಪ್ಯಾಡ್ ಹುಡುಗನಿಗೆ ಫೋನ್ ಮಾಡಿದೆ. ಬಬಲೇಶ್ವರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೈದ. ಬೈಬೇಕಾದಷ್ಟು ಬೈದ. "ನಾ ಎಂಟ ದಿನ ಮೆಟ್ರೋನೋಮ್ ಹಾಕ್ಕೊಂಡ ಕುಂತಿದ್ನಿ ಮಾರಾಯಾ!" ಅಂದ. ಮರುದಿನ ನನಗೆ ಹೇಳದೆ ತಾನೇ ಹೋಗಿ ಅಣ್ಣನ ಹತ್ತಿರ ಮಾತಾಡಿದ್ದಾನೆ: "ಎಡಗೈ ಬಾಸ್ ಜೋಡಿ ನಾ ಬಾರಿಸ್ತೀನಿ, ಆದ್ರ ದೊಡ್ಡ ಪ್ರೋಗ್ರಾಂಗೆ ಇವರ ಬೇಕ."

ಈಗ ಆಗಿರೋ ಒಪ್ಪಂದ ಇಷ್ಟು. ಸಣ್ಣ ಮದುವೆ, ಹುಟ್ಟುಹಬ್ಬಕ್ಕೆ ನಾನಿಲ್ಲ. ಜಾತ್ರೆ, ರಾಜ್ಯೋತ್ಸವ ಸೇರಿ ವರ್ಷಕ್ಕೆ 15 ಪ್ರೋಗ್ರಾಂ. ಒಂದಕ್ಕೆ 2,000. ದುಡ್ಡು ಸ್ಟೇಜ್ ಹತ್ತೋ ಮೊದಲು, ಇಳಿದ ಮೇಲೆ ಅಲ್ಲ. 30,000 ಆಗುತ್ತೆ. ಮೊದಲಿಗಿಂತ ಕಡಿಮೆ, ಆದ್ರೆ ಬಾಕಿ ಇಲ್ಲ, ನಿದ್ದೆ ಜಾಸ್ತಿ. ಇದನ್ನ ಗೆಲುವು ಅಂತ ನಾನು ಹೇಳಲ್ಲ. ಮುಂದಿನ ವರ್ಷ 15 ಹೋಗಿ 5 ಆಗಬಹುದು. ಗೊತ್ತಿದ್ದೇ ಒಪ್ಪಿಕೊಂಡೆ.

ಇದಕ್ಕೆ ಇಳಿಯಬೇಕು ಅಂತಿರೋ ತಮ್ಮ ತಂಗಿಯರಿಗೆ ಮೂರೇ ಮಾತು. ಒಂದು, ಸಂಚಕಾರ ಇಲ್ಲದೆ ಕ್ರೂಸರ್ ಹತ್ತಬೇಡಿ, ಮಾತಾಡಿದ ದುಡ್ಡನ್ನ ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ. ಎರಡು, ಕಿವಿ. 85 ಡೆಸಿಬೆಲ್ ಸದ್ದನ್ನ ಎಂಟು ತಾಸು ತಡೀಬಹುದು ಅಂತಾರೆ ತಿಳಿದವರು. ಮೂರು ಡೆಸಿಬೆಲ್ ಏರಿದಂಗೆಲ್ಲ ಆ ಹೊತ್ತು ಅರ್ಧ ಆಗ್ತಾ ಹೋಗುತ್ತೆ, 100ಕ್ಕೆ ಬಂದ್ರೆ ಹದಿನೈದೇ ನಿಮಿಷ. ಡ್ರಮ್ ಪಕ್ಕ ನಿಲ್ಲೋರು ನೀವು, ಇಯರ್‌ಪ್ಲಗ್ ಹಾಕ್ಕೊಳ್ಳಿ. ಮೂರು, ಇನ್ನೊಂದು ಕೇಬಲ್ ಕ್ರೂಸರ್‌ನಲ್ಲಿ ಇಡಬೇಡಿ. ಜೇಬಲ್ಲಿ ಇಟ್ಕೊಳ್ಳಿ.

ನಮ್ಮವ್ವ ಮೊದಮೊದಲು ಕೇಳ್ತಿದ್ದಳು, "ಏನ್ ಬಾರಿಸ್ತೀಯೋ, ಒಂದೂ ಕೇಳಸಂಗಿಲ್ಲ" ಅಂತ. ಈಗ ಕೆಳಗೆ ಅಡುಗೆ ಮನೆಯಿಂದ ಕೂಗ್ತಾಳೆ, "ಸಾಕ ಮಾಡೋ, ಸ್ಟ್ಯಾಂಡಿನ್ಯಾಗ ತಾಟ ನಡಗಾಕತ್ತಾವ!" ಅಂತ. ನನಗೆ ಅಷ್ಟು ಸಾಕು.

ನಿಮ್ಮೂರಲ್ಲೂ ಹೀಗೆ ಹಿಂದೆ ನಿಂತು ನುಡಿಸೋರು ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಢೋಲಕ್, ತಮಟೆ, ಕ್ಲಾರಿನೆಟ್, ಏನಾದ್ರೂ ಸರಿ. ಮುಂದಿನ ಸಲ ಸಿಗೋಣ. ಬರ್ತೀನ್ರಿ.

[ಬಾಸ್ ಗಿಟಾರ್. ದೂರದಲ್ಲಿ ರೈಲಿನ ಹಾರ್ನ್.]