ಗ್ರಾಫ್ ಹಾಳೆಯಿಂದ ಕಂಪ್ಯೂಟರ್ ಪರದೆಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಒಂಬತ್ತನೇ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುವುದನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ. "ಎಷ್ಟು ಬೇಕೋ ಅಷ್ಟೇ ಜಾಗ ತಗೊಳ್ರೋ, ಹಾಳೆ ಹಾಳು ಮಾಡಬೇಡಿ" ಎಂದು ನಮ್ಮ ಗಣಿತದ ಮೇಷ್ಟ್ರು ಗದರುತ್ತಿದ್ದರು. ಆಗ ಅದು ಹಾಳೆಯ ದುಡ್ಡಿನ ಮಾತು ಅಂದುಕೊಂಡಿದ್ದೆ.

ಕಂಪ್ಯೂಟರ್ ಪರದೆಯೂ ಒಂದು ಗ್ರಾಫ್ ಹಾಳೆಯೇ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಸಂಖ್ಯೆ. ಪ್ರತಿಯೊಂದೂ 0ಯಿಂದ 255ರೊಳಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ಮೂಲಬಿಂದು ಮೇಲಿನ ಎಡಮೂಲೆಯಲ್ಲಿರುತ್ತದೆ, ಕೆಳಗಿಳಿದಂತೆ ವೈ ಬೆಲೆ ಹೆಚ್ಚುತ್ತದೆ.

ಪ್ರಿಂಟ್ ಸ್ಕ್ರೀನ್ ಗುಂಡಿ ಒತ್ತಿ ಪರದೆಯ ಚಿತ್ರ ತೆಗೆಯುವುದು ನಿಮಗೆ ಗೊತ್ತು. ಆ ಕೆಲಸವನ್ನು ಪ್ರೋಗ್ರಾಮೂ ಮಾಡಬಲ್ಲದು. ಪೈಥಾನ್ ಭಾಷೆಯಲ್ಲಿ ಪಿಲ್ಲೋ ಎಂಬ ಲೈಬ್ರರಿ ಇದೆ. ಅದರ ಇಮೇಜ್‌ಗ್ರ್ಯಾಬ್ ಭಾಗದಲ್ಲಿರುವ ಗ್ರ್ಯಾಬ್ ಎಂಬ ಆದೇಶ ಕೊಟ್ಟರೆ ಪರದೆ ಚಿತ್ರವಾಗಿ ಬರುತ್ತದೆ. ಎಡ, ಮೇಲೆ, ಬಲ, ಕೆಳಗೆ ಎಂದು ನಾಲ್ಕು ಸಂಖ್ಯೆ ಕೊಟ್ಟರೆ ಅಷ್ಟು ಭಾಗ ಮಾತ್ರ. ಅಕ್ಷರಗಳಿರುವ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸುವುದು ಮೇಲು. ಜೆಪೆಗ್‌ನಲ್ಲಿ ಅಕ್ಷರದ ಅಂಚು ಮಸುಕಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಂಥದೊಂದು ಪ್ರೋಗ್ರಾಂ ಬರೆದೆ. ಸಾಫ್ಟ್‌ವೇರ್ ಪರೀಕ್ಷೆ ಎಲ್ಲಿ ತಪ್ಪುತ್ತದೋ ಅಲ್ಲಿ ಪರದೆಯ ಚಿತ್ರ ತೆಗೆದು ತಂಡದವರಿಗೆಲ್ಲ ಕಳಿಸುವುದು ಅದರ ಕೆಲಸ. ಎಲ್ಲರೂ ಮೆಚ್ಚಿದರು. ಒಂದು ದಿನ ಬಂದ ಚಿತ್ರದ ಮೂಲೆಯಲ್ಲಿ, ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರ ಪರದೆಯ ಮೇಲೆ ಮೂಡಿದ್ದ ಸಂದೇಶವೂ ಇತ್ತು. ಅವರ ತಾಯಿಯ ಕಾಯಿಲೆಯ ವಿಷಯ. ಅವರು ಯಾರಿಗೂ ಹೇಳಿರದಿದ್ದ ಸಂಗತಿ ಇಡೀ ತಂಡಕ್ಕೆ ತಿಳಿದುಹೋಯಿತು. ಅವರು ನನ್ನನ್ನು ಬೈಯಲಿಲ್ಲ; ಸುಮ್ಮನೆ ಎದ್ದು ಹೊರಗೆ ಹೋದರು. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ. ನಾಲ್ಕು ಸಂಖ್ಯೆ ಕೊಡುವ ಕಡೆ ಇಡೀ ಪರದೆಯನ್ನೇ ತೆಗೆದುಕೊಂಡದ್ದು ನನ್ನ ತಪ್ಪು. ಅವರ ಬಳಿ ಕ್ಷಮೆ ಕೇಳಿ, ಹಳೆಯ ಚಿತ್ರಗಳನ್ನೆಲ್ಲ ಅಳಿಸಿ, ಪರೀಕ್ಷೆಯ ಕಿಟಕಿಯಷ್ಟನ್ನೇ ತೆಗೆಯುವಂತೆ ತಿದ್ದಿದೆ.

ಮಕ್ಕಳೇ, ನೀವೂ ಪ್ರೋಗ್ರಾಂ ಬರೆಯಿರಿ, ಕಷ್ಟವೇನಿಲ್ಲ. ಆದರೆ ಬೇರೆಯವರ ಪರದೆಯನ್ನು ಅವರನ್ನು ಕೇಳದೆ ಮುಟ್ಟಬೇಡಿ. ಕೇಳಿದ ಮೇಲೂ ಬೇಕಾದಷ್ಟನ್ನೇ ತೆಗೆದುಕೊಳ್ಳಿ. ಮೇಷ್ಟ್ರೇ, ನಿಮ್ಮ ಆ ಮಾತು ಹಾಳೆಗಷ್ಟೇ ಅಲ್ಲವೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.